ಕೆಲಸದ ವಾಸಕ್ಕೂ ರಜೆಯ ವಿಹಾರಕ್ಕೂ ಒಂದೇ ಟ್ರೇಲರ್: ಉತ್ತರ ಕನ್ನಡದಲ್ಲಿ ಆರಿಸುವುದು ಹೇಗೆ

ಕೈಗಾದ 5 ಮತ್ತು 6ನೇ ಘಟಕಗಳ ನಿರ್ಮಾಣ, ಕಾರವಾರದ ಸೀಬರ್ಡ್ ನೌಕಾನೆಲೆ, ರಾಷ್ಟ್ರೀಯ ಹೆದ್ದಾರಿ 66, ಘಟ್ಟದ ರಸ್ತೆಗಳ ಅಗಲೀಕರಣ ಇವೆಲ್ಲದರ ನಡುವೆ ನಮ್ಮ ಜಿಲ್ಲೆಯಲ್ಲಿ ಕೆಲವು ತಿಂಗಳು ಇಲ್ಲಿ, ಮುಂದಿನ ಕೆಲವು ತಿಂಗಳು ಅಲ್ಲಿ ಎಂದು ಬೀಡು ಬದಲಿಸುತ್ತಲೇ ಇರುವ ಎಂಜಿನಿಯರುಗಳು, ಸೂಪರ್‌ವೈಸರುಗಳು, ಸರ್ವೇಯರುಗಳು ಕಡಿಮೆಯೇನಿಲ್ಲ. ಪ್ರತಿ ಸಲ ಬಾಡಿಗೆ ಮನೆ ಹುಡುಕಿ, ಮುಂಗಡ ಕೊಟ್ಟು, ಸಾಮಾನು ಸಾಗಿಸಿ ದಣಿದವರು ಈಚೆಗೆ ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಇರುವ ಟ್ರೇಲರಿನ ಕಡೆ ನೋಡತೊಡಗಿದ್ದಾರೆ. ವಾರದ ದಿನಗಳಲ್ಲಿ ಅದೇ ಮನೆಯಾಗಬೇಕು, ರಜೆ ಸಿಕ್ಕಾಗ ಹೆಂಡತಿ ಮಕ್ಕಳೊಡನೆ ಮುರ್ಡೇಶ್ವರಕ್ಕೋ ಬನವಾಸಿಗೋ ಹೊರಡಲು ಅದೇ ಗಾಡಿಯಾಗಬೇಕು ಎಂಬುದು ಅವರ ಆಸೆ. ಆಸೆ ನ್ಯಾಯವಾದದ್ದೇ. ಆದರೆ ಎರಡಕ್ಕೂ ಒಂದೇ ಟ್ರೇಲರ್ ಬೇಕೆನ್ನುವವರು ಅದನ್ನು ಆಷಾಢದ ಮಳೆಯಲ್ಲಿ ಒಳಗಿದ್ದು ಬದುಕಲು ಆಗುತ್ತದೆಯೇ ಎಂಬ ಒಂದೇ ಅಳತೆಯಿಂದ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಲದ ವಾಸವನ್ನು ತಾಳುವ ಟ್ರೇಲರ್ ಡಿಸೆಂಬರಿನ ವಿಹಾರಕ್ಕೆ ತಾನಾಗಿಯೇ ಒದಗುತ್ತದೆ. ವಿಹಾರಕ್ಕೆಂದು ಕಟ್ಟಿದ್ದು ಮಳೆಗಾಲದ ವಾಸಕ್ಕೆ ಒದಗುವುದಿಲ್ಲ.

ಕೊಳ್ಳುವ ಮೊದಲು ಟ್ರೇಲರೇ ಬೇಕೇ ಎಂದು ತೀರ್ಮಾನಿಸಿಕೊಳ್ಳಿ. ಒಂದೇ ಸೈಟಿನಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಇರುವುದು ಖಚಿತವಿದ್ದರೆ ಬಾಡಿಗೆ ಮನೆಯೋ ಪೋರ್ಟಾ ಕ್ಯಾಬಿನ್ನೋ ಒಳ್ಳೆಯದು. ವಾರವಾರಕ್ಕೂ ಊರು ಬದಲಿಸುವವರಿಗೆ ಟೆಂಪೋ ಟ್ರಾವೆಲರಿನಂಥ ವಾಹನದ ಮೇಲೆಯೇ ಕಟ್ಟಿದ ಕ್ಯಾರವಾನ್ ಅನುಕೂಲ. ಇವೆರಡರ ನಡುವಿನವರಿಗೆ, ಅಂದರೆ ಮೂರು ತಿಂಗಳಿಂದ ಒಂದು ವರ್ಷದ ಒಳಗೆ ಜಾಗ ಬದಲಿಸುವವರಿಗೆ, ಟ್ರೇಲರ್ ಹೊಂದುತ್ತದೆ. ಅದನ್ನು ಒಂದೆಡೆ ನಿಲ್ಲಿಸಿ ಕೊಂಡಿ ಕಳಚಿದರೆ ದಿನಾ ಕೆಲಸಕ್ಕೆ ಹೋಗಲು, ಪೇಟೆಗೆ ಹೋಗಲು ಕಾರು ಕೈಯಲ್ಲೇ ಇರುತ್ತದೆ. ಕ್ಯಾರವಾನಿಗೆ ಈ ಸೌಕರ್ಯವಿಲ್ಲ.

ಮೊದಲು ಎಳೆಯುವ ಗಾಡಿ, ಆಮೇಲೆ ಟ್ರೇಲರ್

ಹೆಚ್ಚಿನವರು ಟ್ರೇಲರನ್ನು ಮೆಚ್ಚಿಕೊಂಡ ಮೇಲೆ ತಮ್ಮ ಕಾರು ಅದನ್ನು ಎಳೆಯುತ್ತದೆಯೇ ಎಂದು ಕೇಳುತ್ತಾರೆ. ಕ್ರಮ ತಿರುವುಮುರುವಾಗಬೇಕು. ನಿಮ್ಮ ವಾಹನದ ಮಾಲೀಕರ ಕೈಪಿಡಿಯಲ್ಲಿ ಎಳೆಯಬಹುದಾದ ಗರಿಷ್ಠ ತೂಕ ಎಷ್ಟು, ಬ್ರೇಕ್ ಇರುವ ಟ್ರೇಲರಿಗೆ ಎಷ್ಟು, ಬ್ರೇಕ್ ಇಲ್ಲದ್ದಕ್ಕೆ ಎಷ್ಟು, ಕೊಂಡಿಯ ಮೇಲೆ ಕೂರಬಹುದಾದ ಭಾರ ಎಷ್ಟು ಎಂಬುದನ್ನು ಓದಿ ಬರೆದುಕೊಳ್ಳಿ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳ ಕೈಪಿಡಿಯಲ್ಲಿ ಈ ಅಂಕಿಗಳೇ ಇರುವುದಿಲ್ಲ. ಅಂಥ ಕಾರಿಗೆ ಗ್ಯಾರೇಜಿನಲ್ಲಿ ಕೊಂಡಿ ಬೆಸುಗೆ ಹಾಕಿಸಿ ಮನೆಯನ್ನೇ ಎಳೆಯಲು ಹೊರಡುವುದು ಸರಿಯಲ್ಲ. ಕಂಪನಿಯ ಸೇವಾ ಕೇಂದ್ರದಿಂದ ಲಿಖಿತ ಉತ್ತರ ಪಡೆಯಿರಿ.

ತೂಕದ ಲೆಕ್ಕದಲ್ಲಿ ಮಾರುವವರು ಹೇಳುವುದು ಸಾಮಾನ್ಯವಾಗಿ ಖಾಲಿ ತೂಕ. ನಿಮಗೆ ಬೇಕಾದದ್ದು ಸಂಸಾರ ತುಂಬಿದ ಮೇಲಿನ ತೂಕ. 900 ಕಿಲೋ ಖಾಲಿ ತೂಕದ ಚಿಕ್ಕ ಟ್ರೇಲರನ್ನೇ ತೆಗೆದುಕೊಳ್ಳೋಣ. 80 ಲೀಟರ್ ನೀರು ಎಂದರೆ 80 ಕಿಲೋ. ತುಂಬಿದ 14.2 ಕಿಲೋ ಗ್ಯಾಸಿನ ಸಿಲಿಂಡರ್ ಕಬ್ಬಿಣದ ತೂಕವೂ ಸೇರಿ ಸುಮಾರು 30 ಕಿಲೋ. ಎರಡು ಸೀಸದ ಬ್ಯಾಟರಿಗೆ 60, ಎಸಿಗೆ 40, ಪಾತ್ರೆ, ಹಾಸಿಗೆ, ಬಟ್ಟೆಗೆ 100, ಕೆಲಸದ ಉಪಕರಣಗಳಿಗೆ 60. ಕೂಡಿಸಿದರೆ 1,270 ಕಿಲೋ ಆಯಿತು. ಸರ್ವೇ ಉಪಕರಣ, ವೆಲ್ಡಿಂಗ್ ಸಾಮಾನು ಒಯ್ಯುವವರಿಗೆ ಇನ್ನೂ ಏರುತ್ತದೆ. ಟ್ರೇಲರಿಗೆ ನಿಗದಿಯಾದ ಗರಿಷ್ಠ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಉಳಿಯುವುದೇ ನಿಮ್ಮ ಸಂಸಾರಕ್ಕೆ ಸಿಗುವ ಅವಕಾಶ; ವಾಸಕ್ಕೆ ಬಳಸುವವರು ಇದು 370 ಕಿಲೋಗಿಂತ ಕಡಿಮೆ ಇರುವ ಟ್ರೇಲರನ್ನು ನೋಡುವುದೇ ಬೇಡ. ತುಂಬಿದ ಟ್ರೇಲರಿನ ತೂಕ ಎಳೆಯುವ ಗಾಡಿಯ ಖಾಲಿ ತೂಕದ ಶೇ. 85ನ್ನು ಮೀರಬಾರದು ಎಂಬುದು ಬ್ರಿಟನ್ನಿನಲ್ಲಿ ಇಂಥ ಟ್ರೇಲರ್ ಬಳಸುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ಘಟ್ಟ ಹತ್ತಿಳಿಯುವ ನಮಗೆ ಅದಕ್ಕಿಂತಲೂ ಕೆಳಗಿದ್ದರೆ ಕ್ಷೇಮ, ಮತ್ತು ಕೈಪಿಡಿಯ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಕೈಪಿಡಿಯದೇ ಅಂತಿಮ. ಸಾಮಾನು ತುಂಬಿಸಿ ಒಮ್ಮೆ ಹೆದ್ದಾರಿ ಬದಿಯ ವೇ ಬ್ರಿಡ್ಜಿಗೆ ಹೋಗಿ ತೂಗಿಸುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಊಹೆಯ ಲೆಕ್ಕಕ್ಕಿಂತ ಆ ಚೀಟಿಯನ್ನು ನಂಬಬಹುದು.

ಕೊಂಡಿಯ ಮೇಲಿನ ಭಾರವೂ ಅಷ್ಟೇ ಮುಖ್ಯ. ಯುರೋಪಿನ ಮಾದರಿಯ ಟ್ರೇಲರುಗಳಲ್ಲಿ ಇದು ಒಟ್ಟು ತೂಕದ ಶೇ. 5ರಿಂದ 7, ಅಮೆರಿಕದ ಮಾದರಿಯವುಗಳಲ್ಲಿ ಶೇ. 10ರಿಂದ 15 ಇರಬೇಕೆಂದು ಹೇಳುತ್ತಾರೆ. ಭಾರವಾದ ಸಾಮಾನನ್ನು ಅಚ್ಚಿನ ಹಿಂದೆ ತುಂಬಿದರೆ ಮೂತಿ ಹಗುರವಾಗಿ ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಶರಾವತಿ, ಅಘನಾಶಿನಿ, ಕಾಳಿ ನದಿಗಳ ಮೇಲಿನ ಉದ್ದನೆಯ ಸೇತುವೆಗಳಲ್ಲಿ ಅಡ್ಡಗಾಳಿ ಬೀಸಿದಾಗ ಇದು ಅಪಾಯಕ್ಕೆ ತಿರುಗಬಲ್ಲದು. ಓಲಾಟ ಶುರುವಾದರೆ ಕಾರಿನ ಬ್ರೇಕ್ ಜಗ್ಗದೆ, ಸ್ಟಿಯರಿಂಗ್ ಎಳೆದಾಡದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ಭಾರ ಅಳೆಯಲು ಮನೆಯಲ್ಲಿ ದೇಹದ ತೂಕ ನೋಡುವ ಯಂತ್ರವೇ ಸಾಕು: ಅದರ ಮೇಲೆ ಮರದ ತುಂಡನ್ನು ನಿಲ್ಲಿಸಿ, ಟ್ರೇಲರ್ ಮಟ್ಟಸವಾಗಿರುವಂತೆ ಕೊಂಡಿಯ ತಲೆಯನ್ನು ಅದರ ಮೇಲೆ ಇಳಿಸಿದರೆ ಅಂಕಿ ಸಿಗುತ್ತದೆ. ಹಾಗೆಯೇ, ಕಾರಿನ ಹಿಂದೆ ಕೂರಿಸುವ ಕೊಂಡಿಯ ಗುಂಡಿನಲ್ಲಿ 50 ಮಿಲಿಮೀಟರಿನದೂ 50.8 ಮಿಲಿಮೀಟರಿನದೂ, ಅಂದರೆ ಎರಡು ಇಂಚಿನದೂ, ಬಳಕೆಯಲ್ಲಿವೆ. ಕಣ್ಣಿಗೆ ಎರಡೂ ಒಂದೇ. ಎರಡು ಇಂಚಿನ ಗುಂಡಿಗೆಂದು ಮಾಡಿದ ಟ್ರೇಲರಿನ ಹಿಡಿಯನ್ನು 50 ಮಿಲಿಮೀಟರಿನ ಗುಂಡಿಗೆ ಕೂರಿಸಿದರೆ ಅದು ಸಡಿಲವಾಗಿ, ಹೊಂಡದಲ್ಲಿ ಕುಕ್ಕಿದಾಗ ಕಳಚುವ ಭಯವಿದೆ. ಗುಂಡಿನ ಮೇಲೆ ಕೊರೆದ ಅಳತೆಯನ್ನು ಓದಿಯೇ ಜೋಡಿಸಿ, ಸುರಕ್ಷತಾ ಸರಪಳಿಯನ್ನು ಮರೆಯಬೇಡಿ.

ಘಟ್ಟದ ದಾರಿ ಬೇಡುವುದೇನು

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕುಮಟಾ ಕಡಲ ಅಂಚಿನಲ್ಲಿದೆ. ನಡುವಿನ ದೇವಿಮನೆ ಘಟ್ಟವಾಗಲಿ, ಅಂಕೋಲಾ–ಯಲ್ಲಾಪುರದ ಅರಬೈಲು ಘಟ್ಟವಾಗಲಿ, ಕಾರವಾರದಿಂದ ಜೋಯಿಡಾಕ್ಕೆ ಹತ್ತುವ ಅಣಶಿ ಘಟ್ಟವಾಗಲಿ, ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಜೋಗದ ಕಡೆಗಿನ ದಾರಿಯಾಗಲಿ, ಟ್ರೇಲರಿನ ನಿಜವಾದ ಪರೀಕ್ಷೆ ಹತ್ತುವಾಗಲ್ಲ, ಇಳಿಯುವಾಗ. ಆದ್ದರಿಂದ ಸ್ವಂತ ಬ್ರೇಕ್ ಇಲ್ಲದ ಟ್ರೇಲರನ್ನು, ಅದು ಎಷ್ಟೇ ಚಿಕ್ಕದಿರಲಿ, ಘಟ್ಟಕ್ಕೆ ಒಯ್ಯಬೇಡಿ ಎಂದು ನಾನು ಹೇಳುತ್ತೇನೆ. ಬ್ರೇಕಿನಲ್ಲಿ ಎರಡು ಬಗೆ. ಟ್ರೇಲರ್ ಮುಂದಕ್ಕೆ ನೂಕಿದಾಗ ಆ ಒತ್ತಡದಿಂದಲೇ ಹಿಡಿಯುವ ಬ್ರೇಕ್ ಒಂದು. ಚಾಲಕನ ಬಳಿಯ ನಿಯಂತ್ರಕದಿಂದ ವಿದ್ಯುತ್ತಿನ ಮೂಲಕ ಹಿಡಿಯುವುದು ಇನ್ನೊಂದು. ಮೊದಲನೆಯದು ಸರಳ, ಕೆಡುವುದು ಕಡಿಮೆ; ಆದರೆ ಉದ್ದನೆಯ ಇಳಿಜಾರಿನಲ್ಲಿ ಟ್ರೇಲರ್ ನೂಕುತ್ತಲೇ ಇರುವುದರಿಂದ ಬ್ರೇಕ್ ಹಿಡಿದೇ ಇದ್ದು ಬಿಸಿಯಾಗುತ್ತದೆ. ಎರಡನೆಯದರಲ್ಲಿ ಟ್ರೇಲರಿನ ಬ್ರೇಕನ್ನಷ್ಟೇ ಬೇಕಾದಾಗ ಹಾಕಬಹುದು, ಓಲಾಟವನ್ನೂ ಅದರಿಂದ ಹತೋಟಿಗೆ ತರಬಹುದು. ಘಟ್ಟದ ಮೇಲೂ ಕೆಳಗೂ ಆಗಾಗ ಓಡಾಡುವವರಿಗೆ ಎರಡನೆಯದೇ ಮೇಲು. ಯಾವುದೇ ಇದ್ದರೂ ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನಿನ ಹಿಡಿತದಲ್ಲೇ ಇಳಿಯಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳ ಸಂಚಾರವನ್ನು ಜಿಲ್ಲಾಡಳಿತ ನಿರ್ಬಂಧಿಸುವುದೂ ಉಂಟಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಟ್ರೇಲರನ್ನು ಅರ್ಧ ದಾರಿಯಲ್ಲಿ ತಿರುಗಿಸುವುದು ಕಾರು ತಿರುಗಿಸಿದಷ್ಟು ಸುಲಭವಲ್ಲ.

ಉದ್ದದ ವಿಷಯದಲ್ಲಿ ಮೈಯ ಅಳತೆ ನಾಲ್ಕೂವರೆ ಮೀಟರಿನ ಆಸುಪಾಸಿನಲ್ಲಿ, ಒಂದೇ ಅಚ್ಚಿನ ಮೇಲೆ ಇರುವುದು ನಮ್ಮ ದಾರಿಗೆ ಸರಿಹೊಂದುತ್ತದೆ. ಜೋಡಿ ಅಚ್ಚಿನದು ಹೆದ್ದಾರಿಯಲ್ಲಿ ಸ್ಥಿರವಾಗಿ ಓಡುತ್ತದೆ ನಿಜ, ಆದರೆ ತೋಟದ ಮನೆಗೆ ಇಳಿಯುವ ಮಣ್ಣುದಾರಿಯ ತಿರುವಿನಲ್ಲಿ ಅದನ್ನು ಹೊರಳಿಸುವುದು ಕಷ್ಟ. ಊರೊಳಗಿನ ಹಂಪುಗಳಿಗೆ ಹಿಂಭಾಗ ತಾಗದಷ್ಟು ನೆಲದಂತರ ಇದೆಯೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಲ್ಲಿ ತಯಾರಿಕೆಯ ವಾರ ಮತ್ತು ವರ್ಷ ಇರುತ್ತದೆ. 2322 ಎಂದಿದ್ದರೆ 2022ರ 23ನೇ ವಾರ. ನಿಂತೇ ಇರುವ ಟ್ರೇಲರಿನ ಟೈರ್ ಸವೆಯುವುದಿಲ್ಲ, ಒಣಗಿ ಬಿರಿಯುತ್ತದೆ; ಆರು ವರ್ಷ ದಾಟಿದ್ದನ್ನು ಮೇಲಿನ ಗೀರುಗಳು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ.

ಮೈ: ಇಲ್ಲಿಯೇ ಹೆಚ್ಚು ಹೊತ್ತು ನಿಲ್ಲಬೇಕು

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ನೆಟ್ಟಗೆ ಬೀಳುವುದಲ್ಲ. ಗಾಳಿಯೊಡನೆ ಅಡ್ಡಲಾಗಿ ಹೊಡೆಯುತ್ತದೆ. ಅದರೊಡನೆ ಕಡಲಿನ ಉಪ್ಪು ಸೇರುತ್ತದೆ. ಮರದ ಚೌಕಟ್ಟಿನ ಮೇಲೆ ತೆಳು ಅಲ್ಯೂಮಿನಿಯಂ ತಗಡು ಹೊಡೆದು, ಒಳಗೆ ಪ್ಲೈವುಡ್ ಹಾಕಿ ಕಟ್ಟಿದ ಟ್ರೇಲರ್ ಅಗ್ಗ, ಹಗುರ. ಆದರೆ ಅದರಲ್ಲಿ ಜೋಡಣೆಗಳು ಹೆಚ್ಚು, ಪ್ರತಿ ಜೋಡಣೆಯೂ ಸೋರಿಕೆಯ ಬಾಯಿ. ಕಬ್ಬಿಣದ ತಿರುಪು ಅಲ್ಯೂಮಿನಿಯಮ್ಮಿಗೆ ತಾಗುವೆಡೆಯಲ್ಲಿ ಉಪ್ಪಿನ ತೇವ ಸೇರಿದರೆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ತಿರುಪಿನ ಸುತ್ತಲ ತಗಡು ಬಿಳಿ ಪುಡಿಯಾಗಿ ಉದುರುತ್ತದೆ. ಆದ್ದರಿಂದ ಇಡೀ ಮೈಯನ್ನು ಒಂದೋ ಎರಡೋ ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ಟ್ರೇಲರ್ ನಮ್ಮ ಹವೆಗೆ ಮೊದಲ ಆಯ್ಕೆ. ಎರಡನೆಯದು ಹೊರಗೆ ಫೈಬರ್ ಹಾಳೆ, ನಡುವೆ 30ರಿಂದ 40 ಮಿಲಿಮೀಟರ್ ಪಫ್ ಎಂಬ ಶಾಖ ತಡೆಯುವ ಗಟ್ಟಿ ನೊರೆ, ಒಳಗೂ ಫೈಬರ್ ಇರುವ ಹಲಗೆಗಳಿಂದ ಕಟ್ಟಿದ್ದು. ಇದು ಏಪ್ರಿಲ್–ಮೇ ತಿಂಗಳ ಸೆಕೆಯನ್ನೂ ತಡೆಯುತ್ತದೆ. ಮರ ಎಲ್ಲಿಯೂ ಇರದಿದ್ದರೆ ಒಳ್ಳೆಯದು, ಇದ್ದರೆ ಮರೈನ್ ಪ್ಲೈ ಆಗಿರಲಿ. ಕೆಳಗಿನ ಚಾಸಿಯನ್ನು ಬಣ್ಣ ಬಳಿದು ಬಿಡದೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರಬೇಕು.

ಹಳೆಯ ಟ್ರೇಲರ್ ಕೊಳ್ಳುವವರು ನೋಡಲು ಹೋಗುವ ದಿನ ಬಾಗಿಲು, ಕಿಟಕಿ ಮುಚ್ಚಿಯೇ ಇಡುವಂತೆ ಮುಂಚಿತವಾಗಿ ಹೇಳಿ. ಬಾಗಿಲು ತೆರೆದೊಡನೆ ಬರುವ ಮೊದಲ ವಾಸನೆ ಸುಳ್ಳು ಹೇಳುವುದಿಲ್ಲ. ಬೂಸ್ಟಿನ ವಾಸನೆ ಬಂದರೆ, ಅಥವಾ ಅದನ್ನು ಮುಚ್ಚಲು ಸುಗಂಧ ಸಿಂಪಡಿಸಿದ್ದು ಮೂಗಿಗೆ ಬಡಿದರೆ, ಒಳಗೆಲ್ಲೋ ನೀರಿದೆ. ಆಮೇಲೆ ಕಿಟಕಿಯ ಕೆಳಮೂಲೆಗಳನ್ನು, ಹಾಸಿಗೆಯ ಕೆಳಗಿನ ಪೆಟ್ಟಿಗೆಯ ಒಳಗೋಡೆಯನ್ನು, ಗಾಲಿಯ ಮೇಲಿನ ಉಬ್ಬಿನ ಸುತ್ತ, ಚಾವಣಿಯ ಗಾಳಿಕಿಂಡಿಯ ಅಂಚನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತ ಹೋಗಿ. ಗಟ್ಟಿ ಹಲಗೆ ಬೆರಳಿಗೆ ಎದುರು ನಿಲ್ಲುತ್ತದೆ. ಕೊಳೆತದ್ದು ಮೆತ್ತಗೆ ಒಳಸರಿದು, ಬೆರಳು ತೆಗೆದ ಮೇಲೂ ತಗ್ಗು ಉಳಿಯುತ್ತದೆ. ಹಲಗೆಗೆ ಹೊಸದಾಗಿ ಬಣ್ಣವೋ ಸ್ಟಿಕ್ಕರೋ ಒಂದೇ ಮೂಲೆಯಲ್ಲಿ ಕಂಡರೆ ಏಕೆಂದು ಕೇಳಿ. ತಿರುಪಿನ ತಲೆಯಿಂದ ಕೆಳಗಿಳಿದ ಕಂದು ಗೆರೆ, ಅಂಚಿನಲ್ಲಿ ಉಬ್ಬಿದ ಲ್ಯಾಮಿನೇಟ್ ಇವೆಲ್ಲ ನೀರು ಹರಿದ ದಾರಿಯನ್ನು ತೋರಿಸುತ್ತವೆ. ತೇವ ಅಳೆಯುವ ಚಿಕ್ಕ ಮೀಟರ್ ಬಳಸಿದರೆ ಇನ್ನೂ ಖಚಿತವಾಗುತ್ತದೆ. ಕೊನೆಗೆ ತೋಟಕ್ಕೆ ನೀರು ಬಿಡುವ ಪೈಪಿನಿಂದ ಚಾವಣಿಯ ಜೋಡಣೆ, ಕಿಟಕಿ, ಬಾಗಿಲಿನ ಮೇಲೆ ಅಡ್ಡಲಾಗಿ ಇಪ್ಪತ್ತು ನಿಮಿಷ ನೀರು ಹೊಡೆಸಿ, ಒಳಗೆ ಟಾರ್ಚ್ ಹಿಡಿದು ಕೂತು ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಲೇಸು.

ಕೊಂಡ ಮೇಲೆ ಪ್ರತಿ ಮೇ ತಿಂಗಳಲ್ಲಿ ಚಾವಣಿಯ ಜೋಡಣೆಗಳ ಸೀಲೆಂಟ್ ಪರೀಕ್ಷಿಸಿ, ಬಿರಿದದ್ದನ್ನು ಕೆರೆದು ತೆಗೆದು ಪಾಲಿಯುರೆಥೇನ್ ಸೀಲೆಂಟ್ ಹಾಕಿಸಿ, ಗಾಲಿಯ ಬೇರಿಂಗಿಗೆ ಗ್ರೀಸ್ ತುಂಬಿಸಿ. ಕಡಲ ಬದಿಯಲ್ಲಿ ನಿಲ್ಲಿಸಿ ಬಂದಾಗಲೆಲ್ಲ ಕೆಳಭಾಗವನ್ನು ಸಿಹಿನೀರಿನಿಂದ ತೊಳೆಯಬೇಕು.

ಒಳಗಿನ ಏರ್ಪಾಡು

ಮಳೆಗಾಲದಲ್ಲಿ ಸೈಟಿನಿಂದ ಬಂದವರ ರೇನ್‌ಕೋಟ್, ಗಮ್‌ಬೂಟು, ಹೆಲ್ಮೆಟ್ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಟ್ರೇಲರ್ ವಾಸಕ್ಕಲ್ಲ. ಸ್ನಾನದ ಕೋಣೆ ಬಾಗಿಲಿನ ಪಕ್ಕದಲ್ಲೇ ಇದ್ದರೆ ಒದ್ದೆ ಬಟ್ಟೆಯನ್ನು ಅಲ್ಲಿಯೇ ತೂಗುಹಾಕಬಹುದು, ನೀರು ಅಲ್ಲಿಯೇ ಹರಿದುಹೋಗುತ್ತದೆ. ಹಾಸಿಗೆ ದಿನಾ ಮಡಚಿ ಮೇಜು ಮಾಡುವಂಥದ್ದು ಎರಡು ದಿನದ ವಿಹಾರಕ್ಕೆ ಚೆಂದ. ಹನ್ನೆರಡು ತಾಸು ದುಡಿದು ಬಂದವರಿಗೆ ಹಾಸಿಗೆ ಹಾಸಿದಲ್ಲೇ ಇರಬೇಕು, ಕೂತು ಬರೆಯಲು ಬೇರೆ ಮೇಜಿರಬೇಕು. ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿಗಳ ಮಂಚವೇ ಇರಲಿ, ಇಲ್ಲವಾದರೆ ಅಡಿಭಾಗ ಬೂಸ್ಟು ಹಿಡಿಯುತ್ತದೆ. ಒಲೆಯ ಉರಿಯಿಂದಲೂ ಅಡುಗೆಯಿಂದಲೂ ಆವಿ ಏಳುವುದರಿಂದ ಹೊರಕ್ಕೆ ಗಾಳಿ ದೂಡುವ ಫ್ಯಾನ್ ಅನಿವಾರ್ಯ. ಮೀನು ಹುರಿಯುವ ಮನೆಯವರು ಹೊರಮಗ್ಗುಲಿಗೆ ಜಾರಿ ಬರುವ ಒಲೆಯಿರುವ ಮಾದರಿಯನ್ನು ನೋಡಿ. ಬಂಗುಡೆಯ ಘಮ ಹಾಸಿಗೆ ಬಟ್ಟೆಗೆ ಹತ್ತಿದರೆ ವಾರವಾದರೂ ಹೋಗದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡು ಹೊರಗಿನಿಂದ ಮಾತ್ರ ತೆರೆಯುವಂತಿದ್ದು, ಅದರ ತಳದಲ್ಲಿ ರಂಧ್ರಗಳಿರಬೇಕು. ಒಳಗೂ ನೆಲಮಟ್ಟದಲ್ಲಿ ಗಾಳಿಕಿಂಡಿ ಇರಬೇಕು.

ವಿದ್ಯುತ್ತು, ನೀರು, ಕೊಳಚೆ

ಸೌರಫಲಕವಿದ್ದರೆ ಎಲ್ಲವೂ ನಡೆಯುತ್ತದೆಂಬ ಮಾತನ್ನು ನಮ್ಮ ಮಳೆಗಾಲ ಒಪ್ಪುವುದಿಲ್ಲ. 400 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆ ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಜುಲೈನ ಮೋಡದಲ್ಲಿ ಅದರ ಕಾಲು ಪಾಲೂ ಸಿಗದ ದಿನಗಳಿವೆ. 12 ವೋಲ್ಟಿನ ಚಿಕ್ಕ ಫ್ರಿಜ್ಜು ದಿನಕ್ಕೆ ಅರ್ಧ ಯೂನಿಟ್ಟಿನ ಮೇಲೆ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹತ್ತು ತಾಸಿಗೆ 0.3 ಯೂನಿಟ್ ಬಳಸುತ್ತವೆ. ಎಸಿಯಾದರೋ ತಾಸಿಗೇ ಒಂದು ಯೂನಿಟ್ಟಿನ ಸನಿಹಕ್ಕೆ ಬರಬಹುದು. ಆದ್ದರಿಂದ ವಾಸದ ದಿನಗಳಿಗೆ ಹೆಸ್ಕಾಂ ಸಂಪರ್ಕವಿರುವ ಜಾಗವನ್ನೇ ಹಿಡಿದು, ಫಲಕ ಮತ್ತು ಬ್ಯಾಟರಿಯನ್ನು ವಿಹಾರಕ್ಕೂ ಕರೆಂಟು ಹೋದಾಗಿನ ರಾತ್ರಿಗೂ ಮೀಸಲಿಡುವುದು ವಿವೇಕ. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 1.28 ಯೂನಿಟ್ ಹಿಡಿದಿಡುತ್ತದೆ, ಅದರಲ್ಲಿ ಬಹುಪಾಲನ್ನು ಬಳಸಬಹುದು. ಅಷ್ಟೇ ಅಳತೆಯ ಸೀಸದ ಬ್ಯಾಟರಿಯಿಂದ ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದರ ಆಯುಸ್ಸು ಕುಗ್ಗುತ್ತದೆ. ಹೊರಗಿನ ಸಂಪರ್ಕಕ್ಕೆ, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಟ್ರೇಲರಿನಲ್ಲಿ ಮಲಗಬೇಡಿ. ಒದ್ದೆ ನೆಲದಲ್ಲಿ ನಿಂತು ಲೋಹದ ಬಾಗಿಲನ್ನು ಮುಟ್ಟುವ ಮನೆ ಅದು. ಗಾಲಿಯ ರಬ್ಬರಿನಿಂದಾಗಿ ಸೋರಿದ ವಿದ್ಯುತ್ತಿಗೆ ನೆಲಕ್ಕೆ ಬೇರೆ ದಾರಿ ಇರುವುದಿಲ್ಲ.

ತೊಟ್ಟಿಯನ್ನು ಹೊರತೆಗೆದು ಖಾಲಿ ಮಾಡುವ ಕ್ಯಾಸೆಟ್ ಶೌಚಾಲಯದಲ್ಲಿ ಆ ತೊಟ್ಟಿ ಸಾಮಾನ್ಯವಾಗಿ 20 ಲೀಟರಿನಷ್ಟಿರುತ್ತದೆ. ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ಅದನ್ನು ಸೆಪ್ಟಿಕ್ ಟ್ಯಾಂಕ್ ಇರುವ ಶೌಚಾಲಯಕ್ಕೇ ಸುರಿಯಬೇಕು. ಹೊಳೆ, ಉಪ್ಪುನೀರಿನ ಗಜನಿ ಗದ್ದೆ, ಕಡಲು ಯಾವುದೂ ಅದಕ್ಕೆ ಜಾಗವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಆರಿಸಿ ಬದುಕುವ ಸಂಸಾರಗಳಿವೆ. ಆ ಕಾರಣಕ್ಕೆ, ನಿಲ್ಲುವ ಜಾಗದ ಮಾಲೀಕರೊಡನೆ ಬಾಡಿಗೆ ಮಾತಾಡುವಾಗಲೇ ಶೌಚಾಲಯದ ಬಳಕೆಯನ್ನೂ ಸೇರಿಸಿ ಮಾತಾಡಿ.

ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಾರದು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ನೂಕಿತು. ಗುಡ್ಡ ಕಡಿದು ಮಾಡಿದ ಸಪಾಟು ಜಾಗ ಟ್ರೇಲರಿಗೆ ಎಷ್ಟೇ ಅನುಕೂಲವಾಗಿ ಕಂಡರೂ ಮಳೆಗಾಲದಲ್ಲಿ ಅಲ್ಲಿ ಒಂದು ರಾತ್ರಿಯೂ ನಿಲ್ಲಬೇಡಿ. ಕದ್ರಾ ಅಣೆಕಟ್ಟೆಯ ಕೆಳಗಿನ ಕಾಳಿಯ ದಂಡೆ, ಗಂಗಾವಳಿಯ ತಗ್ಗು ದಂಡೆಗಳೂ ಬೇಡ. ನೀರು ಬಿಟ್ಟಾಗ ಟ್ರೇಲರಿಗೆ ಕಾರು ಕಟ್ಟಿ ಹೊರಡಲು ಸಮಯವಿರುವುದಿಲ್ಲ. ತೆಂಗಿನ ಮರದ ನೆರಳೂ ಬೇಡ. ಒಂದು ಕಾಯಿ ಬಿದ್ದರೆ ಚಾವಣಿಯ ಗಾಳಿಕಿಂಡಿ ಒಡೆಯುತ್ತದೆ, ಸೋರಿಕೆ ಅಲ್ಲಿಂದಲೇ ಶುರು. ಎತ್ತರದ, ನೀರು ನಿಲ್ಲದ ಚೀರೆಕಲ್ಲಿನ ನೆಲ ಒಳ್ಳೆಯದು. ಊರುಗಾಲುಗಳ ಕೆಳಗೆ ದಪ್ಪ ಹಲಗೆ ಕೊಟ್ಟು, ಗಾಲಿಗೆ ಅಡೆ ಇಟ್ಟು, ಚಾವಣಿಯ ನೀರು ಬಾಗಿಲಿನ ವಿರುದ್ಧ ದಿಕ್ಕಿಗೆ ಹರಿಯುವಂತೆ ತುಸು ವಾಲಿಸಿ ನಿಲ್ಲಿಸಿ.

ವಿಹಾರಕ್ಕೆ ಹೋದಾಗ ಮರಳಿನ ಮೇಲೆಯೇ ನಿಲ್ಲಿಸುವ ಆಸೆ ಸಹಜ, ಆದರೆ ಕಡಲಂಚು ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ಒಳಪಟ್ಟಿದೆ. ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡಿನಂಥ ಕಡೆಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಗಾಡಿಯನ್ನು ವಾಹನ ನಿಲುಗಡೆಯಲ್ಲೋ ಖಾಸಗಿ ಅಂಗಳದಲ್ಲೋ ಬಿಟ್ಟು ನಡೆದು ಹೋಗುವುದೇ ಸರಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಾರಿಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಸಿದ್ದಾಪುರ, ಶಿರಸಿಯ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ; ಆ ದಿನಗಳಲ್ಲಿ ತರಗೆಲೆ ತುಂಬಿದ ಬೆಟ್ಟದ ಅಂಚಿಗಿಂತ ಗುಡಿಸಿದ ಅಂಗಳದಲ್ಲಿ ನಿಲ್ಲಿ, ಮಕ್ಕಳ ಮೈಮೇಲೆ ಉಣುಗು ಹತ್ತಿದೆಯೇ ಎಂದು ಸಂಜೆ ನೋಡಿ.

ಕಾಗದಪತ್ರ

ಟ್ರೇಲರ್ ಕಾನೂನಿನ ಕಣ್ಣಿಗೆ ಸ್ವತಂತ್ರ ವಾಹನ. ಒಟ್ಟು ತೂಕ 0.75 ಟನ್ ಮೀರದ್ದು ಟಿ1 ವರ್ಗ, ಅಲ್ಲಿಂದ 3.5 ಟನ್‌ವರೆಗಿನದು ಟಿ2 ವರ್ಗ. ವಾಸಕ್ಕೆ ಆಗುವಂಥವು ಹೆಚ್ಚಾಗಿ ಎರಡನೆಯದರಲ್ಲಿ ಬರುತ್ತವೆ. ಮುಂಗಡ ಕೊಡುವ ಮೊದಲೇ ತಯಾರಕರಿಂದ ಮಾದರಿ ಅನುಮೋದನೆಯ ಪ್ರಮಾಣಪತ್ರದ ಪ್ರತಿಯನ್ನು ಪಡೆದು, ಕಾರವಾರದಲ್ಲೋ ಶಿರಸಿಯಲ್ಲೋ ನಿಮ್ಮ ವ್ಯಾಪ್ತಿಗೆ ಬರುವ ಆರ್‌ಟಿಒ ಕಚೇರಿಗೆ ಒಯ್ದು, ಇದು ನೋಂದಣಿಯಾಗುತ್ತದೆಯೇ, ನಿಮ್ಮ ಕಾರಿನ ನೋಂದಣಿ ಪತ್ರ ಮತ್ತು ನಿಮ್ಮ ಚಾಲನಾ ಪರವಾನಗಿ ಇದನ್ನು ಎಳೆಯಲು ಸಾಕೇ ಎಂಬ ಮೂರನ್ನೂ ಕೇಳಿ. ಊರಿನ ಗ್ಯಾರೇಜಿನಲ್ಲಿ ಕಟ್ಟಿಸಿದರೆ ಅಗ್ಗವಾಗುತ್ತದೆಂಬ ಸಲಹೆ ಬಂದೇ ಬರುತ್ತದೆ. ಅನುಮೋದನೆಯಿಲ್ಲದ ಟ್ರೇಲರ್ ಅಪಘಾತಕ್ಕೆ ಸಿಕ್ಕರೆ ವಿಮೆಯ ಪರಿಹಾರವೇ ಕೈತಪ್ಪಬಹುದು. ಕಾರಿನ ವಿಮಾ ಕಂಪನಿಗೂ ಟ್ರೇಲರ್ ಎಳೆಯುವ ವಿಷಯವನ್ನು ಲಿಖಿತವಾಗಿ ತಿಳಿಸಿ, ಟ್ರೇಲರಿಗೆ ಪ್ರತ್ಯೇಕ ವಿಮೆ ಮಾಡಿಸಿ, ಒಳಗಿನ ಕೆಲಸದ ಉಪಕರಣಗಳು ಅದರಲ್ಲಿ ಸೇರುತ್ತವೆಯೇ ಎಂದು ಓದಿ ನೋಡಿ. ಚಲಿಸುವಾಗ ಒಳಗೆ ಯಾರನ್ನೂ ಕೂರಿಸಬೇಡಿ, ಮಲಗಿದ ಮಗುವನ್ನೂ ಸಹ. ತಿಂಗಳುಗಟ್ಟಲೆ ನಿಲ್ಲಿಸುವ ಜಾಗಕ್ಕೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ವಾಹನ ಕೈಗೆ ಬರುವ ದಿನ ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಕಾಗದದ ಸಂಖ್ಯೆಯೊಡನೆ ಅಂಕಿ ಅಂಕಿಯಾಗಿ ತಾಳೆ ನೋಡಿ, ಹಿಂಬದಿಯ ದೀಪಗಳು ಕಾರಿನ ಬ್ರೇಕ್ ಮತ್ತು ಇಂಡಿಕೇಟರಿನೊಡನೆ ಉರಿಯುತ್ತವೆಯೇ ಎಂದು ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಉಳಿದ ಹಣ ಕೊಡಿ.